ಎನಿಡೆಸ್ಕ್ ಫೈಲಿನ ಸಹಿಯಲ್ಲಿ ಎರಡು ಹೆಸರು: ಯಾವುದು ಅಸಲಿ?

ಮಂಡಿ ಗುಮಾಸ್ತ, ಸಾಗರ

ನಾನು ಸಾಗರದಲ್ಲಿ ಒಂದು ಅಡಿಕೆ ಮಂಡಿಯ ಲೆಕ್ಕ ಬರೆಯುತ್ತೇನೆ. ಟ್ಯಾಲಿಯಲ್ಲಿ ಏನಾದರೂ ತೊಡಕಾದರೆ ಶಿವಮೊಗ್ಗದ ಹುಡುಗನೊಬ್ಬ ಎನಿಡೆಸ್ಕ್ ಮೂಲಕ ಅಲ್ಲಿಂದಲೇ ನಮ್ಮ ಕಂಪ್ಯೂಟರನ್ನು ನಡೆಸಿ ಸರಿಮಾಡಿಕೊಡುತ್ತಾನೆ. ಹಿಂದೆ ಅವನೇ ಪೆನ್‌ಡ್ರೈವಿಗೆ ಹಾಕಿಕೊಟ್ಟ ಎನಿಡೆಸ್ಕ್ ಫೈಲು ನನ್ನ ಮೇಜಿನ ಖಾನೆಯಲ್ಲಿ ಈಗಲೂ ಇದೆ. ಹಳೆಯ ಕಂಪ್ಯೂಟರ್ ಕೆಟ್ಟು ಈಗ ಹೊಸದು ಬಂದಿದೆ, ವಿಂಡೋಸ್ 11. ಯಜಮಾನರ ಮಗ ಗೂಗಲ್‌ನಲ್ಲಿ ಹುಡುಕಿ ಇನ್ನೊಂದು ಫೈಲು ಇಳಿಸಿ, ಡೆಸ್ಕ್‌ಟಾಪಿನ ಮೇಲೆ ಇಟ್ಟು ಹೋಗಿದ್ದಾನೆ.

ಸಾಫ್ಟ್‌ವೇರ್ ಹಾಕುವ ಮುಂಚೆ ಅದರ ಡಿಜಿಟಲ್ ಸಹಿ ನೋಡಬೇಕು ಎಂದು ಪತ್ರಿಕೆಯಲ್ಲಿ ಓದಿದ ನೆನಪು. ಫೈಲಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟ ತೆರೆದೆ. ಪೆನ್‌ಡ್ರೈವಿನ ಫೈಲಿಗೆ ಸಹಿ ಹಾಕಿದವರು 'ಫಿಲಾಂಡ್ರೊ ಸಾಫ್ಟ್‌ವೇರ್ ಜಿಎಂಬಿಎಚ್' ಎಂದಿದೆ. ಡೆಸ್ಕ್‌ಟಾಪಿನ ಮೇಲಿರುವುದಕ್ಕೆ 'ಎನಿಡೆಸ್ಕ್ ಸಾಫ್ಟ್‌ವೇರ್ ಜಿಎಂಬಿಎಚ್'. ಫೈಲಿನ ಹೆಸರು ಒಂದೇ, ಕೆಂಪು ಚಿಹ್ನೆಯೂ ಒಂದೇ, ಸಹಿ ಮಾತ್ರ ಬೇರೆ. ಫಿಲಾಂಡ್ರೊ ಎಂಬ ಹೆಸರನ್ನು ನಾನು ಕೇಳಿಯೇ ಇಲ್ಲ. ಹಾಗಾದರೆ ಇಷ್ಟು ಕಾಲ ನಮ್ಮ ಲೆಕ್ಕದ ಕಂಪ್ಯೂಟರಿನಲ್ಲಿ ಕುಳಿತಿದ್ದದ್ದು ನಕಲಿಯೇ? ಬ್ಯಾಂಕಿನ ವ್ಯವಹಾರವೂ ಇದರಲ್ಲೇ ನಡೆಯುತ್ತದೆ, ಅದಕ್ಕೇ ಭಯ. ತಿಳಿದವರು ಹೇಳಿ.

ಕೀಲಿಮಣೆ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ ಸರ್. ಎರಡನ್ನೂ ಆಂಟಿವೈರಸ್‌ನಿಂದ ಪರೀಕ್ಷಿಸಿ. ಏನೂ ಸಿಗದಿದ್ದರೆ ಯಾವುದನ್ನು ಬೇಕಾದರೂ ಹಾಕಿಕೊಳ್ಳಿ. ಸಹಿ ಗಿಹಿ ಎಲ್ಲ ದೊಡ್ಡ ಕಂಪನಿಗಳ ತಲೆನೋವು.

ಸರ್ವರ್ ಕೊಠಡಿ, ಮೈಸೂರು

ಗುಮಾಸ್ತರೇ, ಹೆದರಬೇಡಿ. ಎರಡೂ ಅಸಲಿ ಹೆಸರುಗಳೇ. ಆದರೆ ಹೊಸ ಕಂಪ್ಯೂಟರಿಗೆ ಹಾಕಬೇಕಾದ್ದು ಎರಡನೆಯದು. ಕಾರಣ ಸ್ವಲ್ಪ ಉದ್ದವಿದೆ, ಓದಿಕೊಳ್ಳಿ.

ಎನಿಡೆಸ್ಕ್ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಕಂಪನಿ (ಜಿಎಂಬಿಎಚ್ ಎಂದರೆ ಅಲ್ಲಿನ ಪ್ರೈವೇಟ್ ಲಿಮಿಟೆಡ್ ಇದ್ದಹಾಗೆ). ಅದು ಹುಟ್ಟಿದ್ದೇ ಫಿಲಾಂಡ್ರೊ ಎಂಬ ಹೆಸರಿನಲ್ಲಿ. ಕಂಪನಿ ಹೆಸರು ಬದಲಿಸಿಕೊಂಡ ಮೇಲೂ ಫೈಲುಗಳ ಸಹಿಯಲ್ಲಿ ಹಳೆಯ ಹೆಸರೇ ಮುಂದುವರಿದಿತ್ತು. ಅದನ್ನು ಬದಲಿಸುವಂತೆ ಮಾಡಿದ್ದು ಒಂದು ಕಳ್ಳತನ. ತಮ್ಮ ಮುಖ್ಯ ಸರ್ವರ್‌ಗಳಿಗೆ ಹೊರಗಿನವರು ನುಗ್ಗಿದ್ದರು ಎಂದು 2024ರ ಫೆಬ್ರುವರಿ 2ರಂದು ಕಂಪನಿಯೇ ಪ್ರಕಟಿಸಿತು. ಭದ್ರತೆಗೆ ಸಂಬಂಧಿಸಿದ ಎಲ್ಲ ಪ್ರಮಾಣಪತ್ರಗಳನ್ನು ರದ್ದುಮಾಡುತ್ತಿದ್ದೇವೆ, ಸಹಿಯ ಪ್ರಮಾಣಪತ್ರವನ್ನೂ ಬದಲಿಸುತ್ತಿದ್ದೇವೆ, ಹೊಸ ಸಹಿ ಇರುವ ಆವೃತ್ತಿಯನ್ನೇ ಬಳಸಿ ಎಂದು ಗ್ರಾಹಕರಿಗೆ ತಿಳಿಸಿತು. ವಿಂಡೋಸ್‌ಗೆ ಬಂದ 8.0.8 ಆವೃತ್ತಿಯಲ್ಲಿ ಫಿಲಾಂಡ್ರೊ ಹೋಗಿ ಎನಿಡೆಸ್ಕ್ ಎಂಬ ಹೆಸರು ಬಂತು. ನಿಮ್ಮ ಕೈಯಲ್ಲಿರುವುದು ಆ ಘಟನೆಯ ಹಿಂದಿನದೊಂದು, ಮುಂದಿನದೊಂದು.

ಇನ್ನು ಸಹಿಯ ವಿಚಾರ. ಕಂಪನಿಯವರು ಫೈಲು ತಯಾರಾದ ಮೇಲೆ ಅದರ ಒಂದೊಂದು ಬೈಟನ್ನೂ ಲೆಕ್ಕಕ್ಕೆ ಹಿಡಿದು ಒಂದು ಸಂಖ್ಯೆ ತೆಗೆಯುತ್ತಾರೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಸಂಖ್ಯೆಗೆ ತಮ್ಮ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ಆ ಕೀಲಿ ಇಂಥ ಕಂಪನಿಯದೇ ಎಂದು ಡಿಜಿಸರ್ಟ್, ಸೆಕ್ಟಿಗೊ, ಗ್ಲೋಬಲ್‌ಸೈನ್ ಥರದ ಸಂಸ್ಥೆಯೊಂದು ದಾಖಲೆ ನೋಡಿ ಪ್ರಮಾಣಪತ್ರ ಕೊಟ್ಟಿರುತ್ತದೆ. ವಿಂಡೋಸ್ ನಿಮ್ಮ ಕಂಪ್ಯೂಟರಿನಲ್ಲಿ ಅದೇ ಲೆಕ್ಕವನ್ನು ಮತ್ತೆ ಮಾಡಿ ತಾಳೆ ನೋಡುತ್ತದೆ. ತಾಳೆಯಾದರೆ ಗೊತ್ತಾಗುವುದು ಎರಡೇ ಸಂಗತಿ: ಸಹಿ ಹಾಕಿದ್ದು ಈ ಹೆಸರಿನವರ ಕೀಲಿ, ಅದಾದ ಮೇಲೆ ಫೈಲನ್ನು ಯಾರೂ ತಿದ್ದಿಲ್ಲ. ಫೈಲು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅಲ್ಲಿ ಬರೆದಿರುವುದಿಲ್ಲ.

ಹೀಗಾಗಿ ನೋಡಬೇಕಾದ್ದು ಹೆಸರನ್ನು. 2016ರ ಮಾರ್ಚ್‌ನಲ್ಲಿ ಮ್ಯಾಕ್ ಕಂಪ್ಯೂಟರುಗಳ ಟ್ರಾನ್ಸ್‌ಮಿಷನ್ ಎಂಬ ತಂತ್ರಾಂಶದ ಅಧಿಕೃತ ತಾಣದಲ್ಲೇ ಯಾರೋ ಫೈಲು ಬದಲಿಸಿ, ಒಳಗೆ ಕಿರೇಂಜರ್ ಎಂಬ ಒತ್ತೆಹಣದ ವೈರಸ್ ತುಂಬಿಟ್ಟಿದ್ದರು. ಸಹಿ ಇತ್ತು, ಊರ್ಜಿತವೂ ಆಗಿತ್ತು, ಮ್ಯಾಕ್‌ನ ಕಾವಲು ತಂತ್ರಾಂಶ ಚಕಾರವೆತ್ತಲಿಲ್ಲ. ಆದರೆ ಸಹಿಯಲ್ಲಿದ್ದದ್ದು ಟ್ರಾನ್ಸ್‌ಮಿಷನ್‌ನವರ ಹೆಸರಲ್ಲ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಟರ್ಕಿಯ ಒಂದು ಕಂಪನಿಯ ಹೆಸರು. ಹೆಸರನ್ನು ಓದಿದವರಿಗೆ ಅಲ್ಲೇ ಸಂಶಯ ಬರಬೇಕಿತ್ತು. ಎರಡು ಹೆಸರು ಕಂಡು ನೀವು ಇಲ್ಲಿಗೆ ಬಂದು ಕೇಳಿದಿರಲ್ಲ, ಬಹಳ ಜನ ಅಷ್ಟೂ ಮಾಡುವುದಿಲ್ಲ.

ನೀವು ಒಂದು ಹೆಜ್ಜೆ ಕಡಿಮೆ ಹೋಗಿದ್ದೀರಿ. ಡಿಜಿಟಲ್ ಸಿಗ್ನೇಚರ್ಸ್ ಪುಟದಲ್ಲಿ ಕಾಣುವ ಪಟ್ಟಿ ಬರೀ ಪಟ್ಟಿ. ಫೈಲನ್ನು ತಿದ್ದಿದ್ದರೂ ಅಲ್ಲಿ ಹೆಸರು ಹಾಗೆಯೇ ಕಾಣುತ್ತದೆ. ಹೆಸರನ್ನು ಆಯ್ದು 'ಡೀಟೇಲ್ಸ್' ಗುಂಡಿ ಒತ್ತಿದರೆ ಮಾತ್ರ ತಪಾಸಣೆಯ ಫಲ ಮೇಲ್ಗಡೆ ಬರುತ್ತದೆ: ಸಹಿ ಸರಿ ಇದೆ ಅಥವಾ ಸರಿ ಇಲ್ಲ ಎಂದು. ಅಂತರ್ಜಾಲ ಇರುವಾಗಲೇ ಇದನ್ನು ಮಾಡಿ, ಯಾಕೆಂದರೆ ಪ್ರಮಾಣಪತ್ರ ರದ್ದಾಗಿದೆಯೇ ಎಂಬ ಮಾಹಿತಿ ಹೊರಗಿನಿಂದ ಬರಬೇಕು. ಅದೇ ಪಟ್ಟಿಯಲ್ಲಿ ಟೈಮ್‌ಸ್ಟಾಂಪ್ ಎಂಬ ಕಾಲಂ ಇದೆ. ಎರಡೂ ಫೈಲುಗಳ ದಿನಾಂಕ ಇಲ್ಲಿ ಬರೆಯಿರಿ. ಇನ್ನೊಂದು ವಿಷಯ: ಕೆಲವು ಫೈಲುಗಳಲ್ಲಿ ಆ ಪುಟವೇ ಇರುವುದಿಲ್ಲ. ಅಂದರೆ ಆ ಫೈಲಿನೊಳಗೆ ಸಹಿ ಇಲ್ಲ.

ಕೀಲಿಮಣೆ ಅವರೇ, ಆಂಟಿವೈರಸ್ ಬೇಡವೆನ್ನುವುದಿಲ್ಲ. ಆದರೆ 2017ರಲ್ಲಿ ಕಂಪ್ಯೂಟರಿನ ಕಸ ತೆಗೆಯುವ ಸಿಕ್ಲೀನರ್ ಎಂಬ ತಂತ್ರಾಂಶದ 5.33 ಆವೃತ್ತಿಯನ್ನು ಕಂಪನಿಯ ಒಳಗೇ ಕೆಡಿಸಿದ್ದರು. ಅದು ಆಗಸ್ಟ್ 15ರಂದು ಬಿಡುಗಡೆಯಾಯಿತು, ಸುದ್ದಿ ಹೊರಬಿದ್ದದ್ದು ಸೆಪ್ಟೆಂಬರ್ 18ರಂದು. ಅಲ್ಲಿಯವರೆಗೆ ಆಂಟಿವೈರಸ್‌ಗಳು ಬಹುತೇಕ ಮೌನವಾಗಿದ್ದವು, 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಇಳಿದಿತ್ತು. ಕಂಪನಿಯ ಸಹಿಯೂ ಸರಿಯಾಗಿಯೇ ಇತ್ತು, ಹೆಸರೂ ಸರಿಯಾಗಿತ್ತು. ಅಂಥದ್ದನ್ನು ಹೊರಗಿನಿಂದ ಸಹಿ ನೋಡಿ ನೀವು ನಾವು ಹಿಡಿಯಲಾರೆವು. ಹಿಡಿಯಬಹುದಾದ್ದನ್ನಾದರೂ ಹಿಡಿಯೋಣ ಎನ್ನುವುದಷ್ಟೇ ನನ್ನ ವಾದ.

ಮಂಡಿ ಗುಮಾಸ್ತ, ಸಾಗರ

ತುಂಬಾ ಉಪಕಾರವಾಯಿತು ಸರ್. ಡೀಟೇಲ್ಸ್ ಒತ್ತಿ ನೋಡಿದೆ. ಹೊಸ ಫೈಲಿಗೆ ಸಹಿ ಸರಿ ಇದೆ ಎಂದು ಬಂತು, ದಿನಾಂಕವೂ ಇತ್ತೀಚಿನದೇ. ಪೆನ್‌ಡ್ರೈವಿನ ಫೈಲಿನ ಟೈಮ್‌ಸ್ಟಾಂಪ್ 2022ರದು.

ನನಗೆ ಅರ್ಥವಾದ ರೀತಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಚೀಲದ ಬಾಯಿ ಹೊಲಿದು ಮಂಡಿಯ ಮೊಹರು ಹಾಕುತ್ತೇವೆ. ಮಾಲು ಯಾರಿಂದ ಬಂತು, ದಾರಿಯಲ್ಲಿ ಬಾಯಿ ಬಿಚ್ಚಿಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಒಳಗಿರುವುದು ಒಳ್ಳೆಯ ರಾಶಿ ಅಡಿಕೆಯೋ ಕಡಿಮೆ ದರ್ಜೆಯ ಗೊರಬಲೋ ಎಂದು ಮೊಹರು ಹೇಳುವುದಿಲ್ಲ. ಹೀಗೆಯೇ ತಾನೆ?

ಎರಡು ಸಂಶಯ ಉಳಿದಿವೆ. 2024ರಲ್ಲಿ ಕೀಲಿ ಕಳುವಾಗಿದ್ದರೆ 2022ರಲ್ಲಿ ಹಾಕಿದ ಸಹಿಗೆ ಏನು ದೋಷ? ಎರಡನೆಯದು, ಇ-ಆಧಾರ್ ಪಿಡಿಎಫ್ ತೆರೆದಾಗ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸರ್ಕಾರದ ಸಹಿಯೇ ಅನುಮಾನ, ಎಲ್ಲೋ ಜರ್ಮನಿಯವರ ಸಹಿ ಸರಿ ಎಂದರೆ ಇದೇನು ನ್ಯಾಯ?

ಸರ್ವರ್ ಕೊಠಡಿ, ಮೈಸೂರು

ಮೊಹರಿನ ಮಾತು ಸರಿಯಾಗಿದೆ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

2022ರ ಪ್ರಶ್ನೆ ಒಳ್ಳೆಯದು. ಟೈಮ್‌ಸ್ಟಾಂಪ್ ಎಂಬುದು ಕಂಪನಿ ತಾನೇ ಬರೆದುಕೊಂಡ ದಿನಾಂಕವಲ್ಲ. ಸಹಿ ಹಾಕುವ ಹೊತ್ತಿನಲ್ಲಿ ಬೇರೊಂದು ಸಂಸ್ಥೆಯ ಸರ್ವರ್ ತನ್ನ ಗಡಿಯಾರ ನೋಡಿ ಹಾಕುವ ಎರಡನೆಯ ಸಹಿ. ಡೀಟೇಲ್ಸ್‌ನ ಕೆಳಭಾಗದಲ್ಲಿ ಕೌಂಟರ್‌ಸಿಗ್ನೇಚರ್ಸ್ ಎಂದು ಕಾಣುವುದು ಅದೇ. ಕೀಲಿ ಕದ್ದವನು ತನ್ನ ಕಂಪ್ಯೂಟರಿನ ದಿನಾಂಕವನ್ನು 2022ಕ್ಕೆ ತಿರುಗಿಸಿಕೊಂಡರೂ ಆ ಸರ್ವರ್ ಇಂದಿನ ದಿನಾಂಕವನ್ನೇ ಕೊಡುತ್ತದೆ. ಹಾಗಾಗಿ ಡೀಟೇಲ್ಸ್‌ನಲ್ಲಿ ಅದಕ್ಕೂ ಸಹಿ ಸರಿ ಇದೆ ಎಂದು ಬಂದಿದ್ದರೆ ನಿಮ್ಮ ಪೆನ್‌ಡ್ರೈವಿನ ಫೈಲು ಕಳ್ಳತನಕ್ಕೆ ಮುಂಚಿನದೇ, ಶಿವಮೊಗ್ಗದ ಹುಡುಗ ಕೊಟ್ಟದ್ದು ಸಾಚಾ ಫೈಲೇ. ಪ್ರಮಾಣಪತ್ರದ ಅವಧಿ ಮುಗಿದ ಮೇಲೂ ಹಳೆಯ ಫೈಲುಗಳು 'ಸರಿ' ಎಂದೇ ತೋರಿಸುವುದು ಈ ಟೈಮ್‌ಸ್ಟಾಂಪ್‌ನಿಂದ. ರದ್ದು ಮಾಡುವಾಗಲೂ ಇಂಥ ದಿನದಿಂದ ರದ್ದು ಎಂದು ನಮೂದಿಸಬಹುದು. ಅದಕ್ಕೆ ಹಿಂದಿನ ಸಹಿಗಳು ಉಳಿಯುತ್ತವೆ, ಮುಂದಿನವು ಬಿದ್ದುಹೋಗುತ್ತವೆ.

ಆದರೂ ಅದನ್ನು ಹಾಕಬೇಡಿ. ಅಸಲಿ ಎಂದರೆ ಇಂದಿಗೆ ಯೋಗ್ಯ ಎಂದಲ್ಲ. ನಿಮ್ಮ ಪರದೆ, ನಿಮ್ಮ ಕೀಬೋರ್ಡನ್ನು ಬೇರೆಯವರ ಕೈಗೆ ಕೊಡುವ ತಂತ್ರಾಂಶ ಇದು. ಇದರಲ್ಲಿ 2022ರ ನಂತರ ಮುಚ್ಚಿದ ತೂತುಗಳೆಲ್ಲ ಆ ಫೈಲಿನಲ್ಲಿ ತೆರೆದೇ ಇರುತ್ತವೆ. ಪೆನ್‌ಡ್ರೈವಿನ ಫೈಲುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂತರ್ಜಾಲದಿಂದ ಇಳಿಸಿದ ಫೈಲಿಗೆ ವಿಂಡೋಸ್ 'ಇದು ಹೊರಗಿನಿಂದ ಬಂದದ್ದು' ಎಂಬ ಗುರುತು ಅಂಟಿಸುತ್ತದೆ, ಸ್ಮಾರ್ಟ್‌ಸ್ಕ್ರೀನ್ ಎಂಬ ನೀಲಿ ಎಚ್ಚರಿಕೆ ಆ ಗುರುತು ನೋಡಿ ಏಳುತ್ತದೆ. ಸಾಮಾನ್ಯ ಪೆನ್‌ಡ್ರೈವುಗಳ ಫ್ಯಾಟ್32 ವ್ಯವಸ್ಥೆಯಲ್ಲಿ ಆ ಗುರುತನ್ನು ಇಡಲು ಜಾಗವೇ ಇಲ್ಲ. ಪೆನ್‌ಡ್ರೈವಿಗೆ ಹೋಗಿ ಬಂದ ಫೈಲು ಗುರುತು ಕಳೆದುಕೊಂಡು, ಎಚ್ಚರಿಕೆಯಿಲ್ಲದೆ ತೆರೆದುಕೊಳ್ಳುತ್ತದೆ. ಎಚ್ಚರಿಕೆ ಬರಲಿಲ್ಲ, ಆದ್ದರಿಂದ ಸುರಕ್ಷಿತ ಎಂದುಕೊಳ್ಳುವವರು ಇಲ್ಲಿ ಮೋಸಹೋಗುತ್ತಾರೆ.

ಇ-ಆಧಾರ್‌ಗೆ ಬರೋಣ. ಗಣಿತ ಎರಡೂ ಕಡೆ ಒಂದೇ, ನಂಬುವ ಪಟ್ಟಿ ಬೇರೆ. ನಮ್ಮ ದೇಶದ ಡಿಜಿಟಲ್ ಸಹಿಗಳ ಮೂಲ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ನೇಮಕವಾದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಕಚೇರಿ. ಪಿಡಿಎಫ್ ತೆರೆಯುವ ತಂತ್ರಾಂಶದ ಬಳಿ ತನ್ನದೇ ಒಂದು ನಂಬಿಕೆಯ ಪಟ್ಟಿ ಇರುತ್ತದೆ. ಇ-ಆಧಾರ್‌ನ ಸಹಿಗೆ ಒಬ್ಬರ ಮೇಲೊಬ್ಬರಾಗಿ ಪ್ರಮಾಣ ಕೊಟ್ಟವರ ಸರಪಳಿ ಆ ಪಟ್ಟಿಯಲ್ಲಿ ಸಿಗದಿದ್ದರೆ ಹಳದಿ ಚಿಹ್ನೆ ತೋರಿಸುತ್ತದೆ. ಆ ಚಿಹ್ನೆ 'ನಕಲಿ' ಎನ್ನುತ್ತಿಲ್ಲ, 'ಇವರು ಯಾರೋ ನನಗೆ ಪರಿಚಯವಿಲ್ಲ' ಎನ್ನುತ್ತಿದೆ. ಚಿಹ್ನೆಯ ಮೇಲೆ ಒತ್ತಿ, ಪ್ರಮಾಣಪತ್ರದಲ್ಲಿರುವ ಹೆಸರು ನೋಡಿ, ನಂಬುವವರ ಪಟ್ಟಿಗೆ ಸೇರಿಸಿದರೆ ಹಸಿರು ಗುರುತು ಬರುತ್ತದೆ. ಆಧಾರ್ ಪ್ರಾಧಿಕಾರವೇ ಆ ವಿಧಾನವನ್ನು ತಿಳಿಸಿದೆ. ಜರ್ಮನಿಯವರ ಸಹಿಗೆ ಪ್ರಮಾಣ ಕೊಟ್ಟವರು ವಿಂಡೋಸ್‌ನ ಪಟ್ಟಿಯಲ್ಲಿ ಮೊದಲೇ ಇರುತ್ತಾರೆ. ಅಷ್ಟೇ ವ್ಯತ್ಯಾಸ.

ಪಟ್ಟಿಯಲ್ಲಿದ್ದವರೆಲ್ಲ ಎಡವುವುದಿಲ್ಲ ಎಂದೂ ಇಲ್ಲ. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಪತ್ರ ಘಟಕದಿಂದ ಗೂಗಲ್‌ನ ತಾಣಗಳ ಹೆಸರಿಗೇ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಅವು ತಂತ್ರಾಂಶದ ಸಹಿಗಳಲ್ಲ, ಜಾಲತಾಣಗಳ ಪ್ರಮಾಣಪತ್ರಗಳು. ಆದರೆ ನಂಬಿಕೆಯ ಸರಪಳಿ ಅದೇ ಬಗೆಯದು. ಗೂಗಲ್‌ನವರು ಪತ್ತೆಹಚ್ಚಿ ತಿಳಿಸಿದ ಮೇಲೆ ನಿಯಂತ್ರಕರು ಅವುಗಳನ್ನು ರದ್ದುಮಾಡಿದರು. ಕ್ರೋಮ್ ಬ್ರೌಸರ್ ಆ ಭಾರತೀಯ ಮೂಲ ಪ್ರಮಾಣಪತ್ರವನ್ನು ಇಲ್ಲಿನ ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸಿತು. ದೆಹಲಿಯಾದರೇನು, ಸ್ಟುಟ್‌ಗಾರ್ಟ್ ಆದರೇನು, ಕೀಲಿ ಇರುವುದು ಯಾರದೋ ಕಂಪ್ಯೂಟರಿನಲ್ಲಿ. ಅದಕ್ಕೇ 2023ರ ಜೂನ್ 1ರಿಂದ ತಂತ್ರಾಂಶಕ್ಕೆ ಸಹಿ ಹಾಕುವ ಹೊಸ ಕೀಲಿಗಳನ್ನು ಪ್ರತ್ಯೇಕ ಸಾಧನದೊಳಗೇ ಇಡಬೇಕೆಂಬ ನಿಯಮ ಬಂತು. ನಿಮ್ಮ ಆಡಿಟರ್ ಬಳಿ ಇರುವ, ಡಿಜಿಟಲ್ ಸಹಿಗೆ ಬಳಸುವ ಪೆನ್‌ಡ್ರೈವಿನಂಥ ಡಿಎಸ್‌ಸಿ ಟೋಕನ್ ನೋಡಿದ್ದೀರಲ್ಲ, ಆ ಜಾತಿಯ ಸಾಧನವೇ.

ಬಿಟ್ ಬೈಟ್

ಒಂದು ತಿದ್ದುಪಡಿ. 'ಸಹಿ ಸರಿ ಇದ್ದರೆ ಫೈಲನ್ನು ಯಾರೂ ತಿದ್ದಿಲ್ಲ' ಎಂಬುದು ಪೂರ್ತಿ ನಿಜವಲ್ಲ. ವಿಂಡೋಸ್‌ನಲ್ಲಿ ಸಹಿ ಕುಳಿತಿರುವ ಭಾಗ ಹ್ಯಾಶ್ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಬಾಲದಲ್ಲಿ ಹೆಚ್ಚುವರಿ ಮಾಹಿತಿ ತುರುಕಿದರೂ ಸಹಿ ಊರ್ಜಿತವೆಂದೇ ತೋರಿಸುತ್ತದೆ. 2023ರ ಮಾರ್ಚ್‌ನಲ್ಲಿ 3ಸಿಎಕ್ಸ್ ಎಂಬ ದೂರವಾಣಿ ತಂತ್ರಾಂಶದ ಮೇಲೆ ನಡೆದ ದಾಳಿಯಲ್ಲಿ ಮೈಕ್ರೋಸಾಫ್ಟ್ ಸಹಿ ಇದ್ದ ಫೈಲೊಂದರ ಬಾಲಕ್ಕೆ ಹೀಗೆಯೇ ಕೆಟ್ಟ ಕೋಡ್ ಸೇರಿಸಿದ್ದರು. ಮೈಕ್ರೋಸಾಫ್ಟ್ ಇದಕ್ಕೆ 2013ರ ಡಿಸೆಂಬರ್‌ನಲ್ಲೇ ಪರಿಹಾರ ಕೊಟ್ಟಿದೆ, ಆದರೆ ಅದು ಐಚ್ಛಿಕ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ನಾವೇ ಹೋಗಿ ಚಾಲೂ ಮಾಡಿಕೊಳ್ಳಬೇಕು. ಆಸಕ್ತರು ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಪವರ್‌ಶೆಲ್‌ನ ಗೆಟ್-ಅಥೆಂಟಿಕೋಡ್‌ಸಿಗ್ನೇಚರ್ ಎಂಬ ಆಜ್ಞೆಯೂ ಉಪಯುಕ್ತ, ಒಂದೇ ಸಲಕ್ಕೆ ಇಡೀ ಫೋಲ್ಡರಿನ ಸಹಿಗಳನ್ನು ನೋಡಬಹುದು.

ಸರ್ವರ್ ಕೊಠಡಿ, ಮೈಸೂರು

ಬಿಟ್ ಬೈಟ್ ಹೇಳಿದ್ದು ನಿಜ, ಒಪ್ಪುತ್ತೇನೆ. ಆ ಬಾಲದಲ್ಲಿರುವುದು ತಾನಾಗಿ ಓಡುವುದಿಲ್ಲ, ಅದನ್ನು ಎತ್ತಿ ಓಡಿಸಲು ಪಕ್ಕದಲ್ಲಿ ಇನ್ನೊಂದು ಕೆಟ್ಟ ಫೈಲು ಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಆದರೆ ದಯವಿಟ್ಟು ಅಡಿಕೆ ಮಂಡಿಯ ಗುಮಾಸ್ತರಿಗೆ ರಿಜಿಸ್ಟ್ರಿ ತೆರೆಯಿರಿ ಎಂದು ಹೇಳಬೇಡಿ. ನಮ್ಮ ಕಚೇರಿಯಲ್ಲಿ ಹಾಗೆ ತೆರೆದವರ ಕಂಪ್ಯೂಟರ್ ಸರಿಮಾಡುವುದು ನನ್ನ ಪಾಲಿಗೇ ಬರುತ್ತದೆ.

ಅವರಿಗೆ ನಿಜವಾಗಿ ಎದುರಾಗುವ ಅಪಾಯ ಬೇರೆ, ಅದು ಹುಡುಕಾಟದ ಫಲಿತಾಂಶದ ಪುಟದಲ್ಲಿದೆ. 2023ರ ಜನವರಿಯಲ್ಲಿ ಎನಿಡೆಸ್ಕ್ ತಾಣದ ಹಾಗೆಯೇ ಕಾಣುವ ಪುಟಕ್ಕೆ ಕರೆದೊಯ್ಯುವ 1,300ಕ್ಕೂ ಹೆಚ್ಚು ನಕಲಿ ವಿಳಾಸಗಳು ಬೆಳಕಿಗೆ ಬಂದಿದ್ದವು. ಡೌನ್‌ಲೋಡ್ ಒತ್ತಿದವರಿಗೆ ಸಿಗುತ್ತಿದ್ದದ್ದು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ದೋಚುವ ವಿಡಾರ್ ಎಂಬ ತಂತ್ರಾಂಶ. ಯಜಮಾನರ ಮಗ ಗೂಗಲ್‌ನಲ್ಲಿ ಯಾವ ಕೊಂಡಿ ಒತ್ತಿದನೋ ಅವನಿಗೂ ನೆನಪಿರಲಾರದು. ಆದರೆ ಸಹಿಯ ದೊಡ್ಡ ಗುಣ ಇಲ್ಲೇ ಕಾಣುವುದು. ಫೈಲು ಯಾವ ದಾರಿಯಲ್ಲಿ ಬಂದಿದ್ದರೂ, ಡೀಟೇಲ್ಸ್‌ನಲ್ಲಿ ಸಹಿ ಸರಿ ಇದೆ ಎಂದು ಬಂದು, ಹೆಸರು ಅಕ್ಷರಶಃ ಕಂಪನಿಯದೇ ಆಗಿದ್ದರೆ, ಕೀಲಿ ಕಳುವಾಗದ ಹೊರತು ಅದು ಕಂಪನಿ ಮಾಡಿದ ಫೈಲೇ. ಮಗ ಇಳಿಸಿದ್ದು ಆ ಲೆಕ್ಕದಲ್ಲಿ ಪಾಸು. ಹೆಸರಿನ ಒಂದೊಂದು ಅಕ್ಷರವನ್ನೂ ಮತ್ತೊಮ್ಮೆ ಓದಿ. ಎಲ್ ಇರಬೇಕಾದಲ್ಲಿ ಐ, ಒ ಇರಬೇಕಾದಲ್ಲಿ ಸೊನ್ನೆ ಹಾಕುವ ಚಾಳಿಯವರು ಇದ್ದಾರೆ. ಮುಂದಿನ ಸಲದಿಂದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗುವುದು ಒಳ್ಳೆಯದು.

ಘಟ್ಟದ ಕೆಳಗೆ, ಕುಮಟಾ

ಇಷ್ಟು ಹೊತ್ತು ಫೈಲಿನ ಬಗ್ಗೆಯೇ ಮಾತಾಯಿತು. ನಮ್ಮ ಊರಿನಲ್ಲಿ ಒಬ್ಬರು ಹಣ ಕಳೆದುಕೊಂಡದ್ದು ನೂರಕ್ಕೆ ನೂರು ಅಸಲಿ ಸಹಿ ಇದ್ದ ಇಂಥದೇ ತಂತ್ರಾಂಶದಿಂದ. ಬ್ಯಾಂಕಿನವರು ಎಂದು ಹೇಳಿಕೊಂಡು ಫೋನ್ ಬಂತು, ಇದನ್ನು ಹಾಕಿಕೊಳ್ಳಿ ಎಂದರು, ಪರದೆಯ ಮೇಲೆ ಬಂದ ಒಂಬತ್ತು ಅಂಕಿ ಓದಿ ಎಂದರು. ಅಂಕಿ ಓದಿ, ಆಮೇಲೆ ಬಂದ 'ಒಪ್ಪಿಗೆ' ಗುಂಡಿಯನ್ನೂ ಒತ್ತಿದ ಮೇಲೆ ನಡೆದದ್ದನ್ನು ಹೇಳಬೇಕಾಗಿಲ್ಲ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ತಂತ್ರಾಂಶದ ತಪ್ಪಲ್ಲ, ಆಚೆ ಕುಳಿತವನು ಯಾರು ಎಂಬುದನ್ನು ಯಾವ ಸಹಿಯೂ ಹೇಳುವುದಿಲ್ಲ. ಇಂಥದ್ದಾದರೆ ಗಂಟೆಗಳನ್ನು ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಮಂಡಿ ಗುಮಾಸ್ತ, ಸಾಗರ

ಹೊಸದನ್ನೇ ಹಾಕಿದೆ. ಇನ್‌ಸ್ಟಾಲ್ ಒತ್ತಿದಾಗ ಅನುಮತಿ ಕೇಳುವ ಕಿಟಕಿಯಲ್ಲೂ ಪ್ರಕಾಶಕರು ಎನಿಡೆಸ್ಕ್ ಸಾಫ್ಟ್‌ವೇರ್ ಜಿಎಂಬಿಎಚ್ ಎಂದೇ ಬಂತು. ಇಷ್ಟು ವರ್ಷ ಆ ಕಿಟಕಿಯನ್ನು ಓದದೆ 'ಯೆಸ್' ಒತ್ತುತ್ತಿದ್ದವರೇ ನಾವೆಲ್ಲ. ಪೆನ್‌ಡ್ರೈವಿನದನ್ನು ಅಳಿಸಿದೆ. ಕೇಳಿದರೆ ಶಿವಮೊಗ್ಗದ ಹುಡುಗನ ಕಂಪ್ಯೂಟರಿನಲ್ಲಿ ಇನ್ನೂ 7.1 ಇದೆಯಂತೆ. ಆವೃತ್ತಿ ಬೇರೆಯಾದರೆ ಸಂಪರ್ಕ ಸಿಗುತ್ತದೆಯೇ?

ಸರ್ವರ್ ಕೊಠಡಿ, ಮೈಸೂರು

ಸಾಮಾನ್ಯವಾಗಿ ಸಿಗುತ್ತದೆ. ಆದರೆ ಅವನೂ ಹೊಸದಕ್ಕೆ ಬರಲಿ. ಹತ್ತಾರು ಅಂಗಡಿಗಳ ಕಂಪ್ಯೂಟರುಗಳಿಗೆ ಒಂದೇ ಕಡೆಯಿಂದ ಬಾಗಿಲು ತೆರೆಯುವವನು ನಿಮಗಿಂತ ಮೊದಲು ಬದಲಿಸಬೇಕಿತ್ತು. ನಿಮ್ಮ ಕಡೆ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ಪುಟ ತೆರೆದು, 'ಅನ್‌ಅಟೆಂಡೆಡ್ ಆಕ್ಸೆಸ್' ಎಂಬುದು ಚಾಲೂ ಇದೆಯೇ ನೋಡಿ. ಚಾಲೂ ಇದ್ದರೆ ನೀವು ಊಟಕ್ಕೆ ಹೋದಾಗಲೂ ಪಾಸ್‌ವರ್ಡ್ ಗೊತ್ತಿದ್ದವರು ಒಳಗೆ ಬರಬಹುದು. ಅದನ್ನು ಬಂದ್ ಮಾಡಿ. ಪ್ರತಿ ಸಲ ನೀವು ಕುಳಿತು 'ಒಪ್ಪಿಗೆ' ಒತ್ತಿದ ಮೇಲೆಯೇ ಅವನು ಬರಲಿ, ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿ. ಅವನು ಬಂದಿರುವಾಗ ಬ್ಯಾಂಕಿನ ಪುಟ ತೆರೆದಿರಬಾರದು.